ಗಂಜಿ ಹಚ್ಚಿದ ಬೇಲಿ

ಆ ಬೆಳಗ್ಗೆ ಹೊಲಕ್ಕೆ ಬಂದ ಶಂಕ್ರವ್ವ ಸಸಿಗಳ ಸಾಲಿನುದ್ದಕ್ಕೂ ಕಣ್ಣಾಡಿಸಿದಳು. ಮೊದಲ ಮಳೆಗೆ ನೆಟ್ಟ ಪೇರಲ, ಲಿಂಬೆ, ಚಿಕ್ಕು, ಮಾವಿನ ಸಸಿಗಳು ನಿನ್ನೆ ಸಂಜೆಯವರೆಗೂ ಗಾಳಿಗೆ ಎಲೆಯಾಡಿಸುತ್ತ ನಿಂತಿದ್ದವು. ಈಗ ಅರ್ಧಕ್ಕರ್ಧ ಸಸಿಗಳಿಗೆ ಕುಡಿಯೇ ಇಲ್ಲ! ಒಂದು ಮಾವಿನ ಸಸಿಯ ತೊಗಟೆಯಂತೂ ಯಾರೋ ಸೇಡು ತೀರಿಸಿಕೊಂಡ ಹಾಗೆ ಸುಲಿದುಹೋಗಿತ್ತು. ತಲೆಯ ಮೇಲಿನ ಕೊಡವನ್ನು ಕೆಳಗಿಟ್ಟು ಎದೆ ಎದೆ ಬಡಿದುಕೊಂಡಳು.

"ಅಯ್ಯ ಶಿವನ! ಯಾರ ಮಾಡಿದ್ದಿದು? ಅವರ ಕೈ ಸೇದಿಹೋಗ!"

ಪಕ್ಕದ ಹೊಲದ ಪರಶಪ್ಪ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. "ಮನಷ್ಯಾರನ್ನ ಯಾಕ ಬೈತಿ ಬಿಡ ಯಕ್ಕಾ. ಚಿಗರಿ ಹಿಂಡ ಬಂದಿತ್ತು," ಎಂದ, ಮಣ್ಣಿನಲ್ಲಿ ಮೂಡಿದ್ದ ಜಿಂಕೆಗಳ ಗೊರಸಿನ ಗುರುತು ತೋರಿಸಿ. "ಕುಡಿ ತಿಂತಾವು, ಗಂಡು ಇದ್ವಂದ್ರ ಕೊಂಬ ತಿಕ್ಕತಾವು. ಈ ಎರಿಹೊಲದಾಗ ಹಣ್ಣಿನ ಗಿಡಾ ಹಚ್ಚಿದ್ರ ಅವಕ್ಕ ಹಬ್ಬ ನೋಡು."

ಶಂಕ್ರವ್ವ ಗಜೇಂದ್ರಗಡದ ನೇಕಾರರ ಮನೆಯವಳು. ಲಂಗ ಉಡುವ ವಯಸ್ಸಿನಲ್ಲೇ, ನೆಲ ತೋಡಿ ಕೂರಿಸಿದ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟವಳು. ತವರಿನಲ್ಲಿ ಅದೇ, ಗಂಡನ ಮನೆಯಲ್ಲೂ ಅದೇ. ಹೊರಗೆ ಮಳೆಯೋ ಬಿಸಿಲೋ ಅವಳಿಗೇನು ಗೊತ್ತು? ಲಾಳಿಯ ಸಪ್ಪಳ ನಿಂತರೆ ಊಟದ ಹೊತ್ತು ಎಂದು ತಿಳಿಯಬೇಕು, ಅಷ್ಟೇ. ಸೆರಗಿನಲ್ಲಿ ಮಾವಿನಕಾಯಿ ಮೂಡಿಸಿದ್ದಕ್ಕೆ ಲೆಕ್ಕವಿಲ್ಲ, ತನ್ನದು ಅಂತ ಒಂದು ಮಾವಿನ ಗಿಡವಿರಲಿಲ್ಲ. ಈಗ ಮೊಣಕಾಲು ಕೈಕೊಟ್ಟಿದ್ದವು. ಕುಣಿಯೊಳಗೆ ಇಳಿಯುವುದೇ ದೊಡ್ಡ ಕೆಲಸವಾಗಿತ್ತು. ಉಳಿದ ಆಯುಷ್ಯವನ್ನು ಗಾಳಿ ಬೆಳಕಿನಲ್ಲಿ, ತಾನೇ ಹಚ್ಚಿದ ಗಿಡದ ನೆರಳಲ್ಲಿ ಕಳೆಯಬೇಕೆಂಬ ಆಸೆ ಅವಳಿಗೆ ಅಂಟಿಕೊಂಡುಬಿಟ್ಟಿತು. ಬೇರೆ ಏನನ್ನೂ ಅವಳು ಗಂಡನ ಹತ್ತಿರ ಬಾಯಿಬಿಟ್ಟು ಕೇಳಿದವಳಲ್ಲ.

ಗಂಡ ಹನಮಂತಪ್ಪನಿಗೆ ಮುಶಿಗೇರಿ ಹಾದಿಯಲ್ಲಿ ಪಾಲಿಗೆ ಬಂದ ಹೊಲವಿತ್ತು. ಅದರ ಒಂದು ಮೂಲೆ ಬಿಟ್ಟುಕೊಡಲು ಅವನು ಒಪ್ಪಿದ್ದೇನೋ ಹೌದು, ಆದರೆ ಷರತ್ತು ಹಾಕದಿದ್ದರೆ ಅವನು ಹನಮಂತಪ್ಪನೇ ಅಲ್ಲ.

"ಕಡ್ಲಿ ಬಿತ್ತೂ ಹೊತ್ತಿಗೆ ನಿನ್ನ ಗಿಡಾ ಜೀವ ಹಿಡದಿರಬೇಕು. ಹಿಡದ್ವು, ತುಕಡಿ ನಿಂದು. ಇಲ್ಲಾ, ಅಲ್ಲೂ ಕೂರಿಗಿ ಹೊಡ್ಯಾಂವ ನಾ. ಆಮ್ಯಾಲೆ ಅತ್ತರ ಕೇಳಾಂವಲ್ಲ."

ಇಂಥ ಮಾತು ಬೆನ್ನಿಗಿರುವಾಗ ಚಿಗರಿ ಬಂದು ಕುಡಿ ಚಿವುಟಿ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಹಳೀ ಸೀರಿ ಕಟ್ಟ ಯಕ್ಕಾ ಸುತ್ತಲೂ," ಎಂದು ಪರಶಪ್ಪನೇ ದಾರಿ ಹೇಳಿದ. "ಗಾಳಿಗೆ ಪಟಪಟ ಅಂದ್ವಂದ್ರ ಅಂಜಿ ಸನೇಕ ಬರೂದಿಲ್ಲ. ಎಲ್ಲಾರೂ ಹಂಗ ಮಾಡತಾರ."

"ಸೀರಿ? ಬೇಲಿಗೆ?" ಶಂಕ್ರವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. "ನೇಯ್ದಾಕಿ ಮುಂದ ಆಡೂ ಮಾತೇನೋ ಇದು!"

ಬೈದಳು, ಮನೆಗೆ ಹೋದಳು, ಟ್ರಂಕು ತೆಗೆದು ಹಳೆಯ ಸೀರೆಗಳನ್ನೆಲ್ಲ ಹೊರಗೆ ಹಾಕಿದಳು. ಗಿಡ ಉಳಿಯಬೇಕಲ್ಲ! ಆದರೆ ಗೂಟಕ್ಕೆ ಕಟ್ಟಿ ನೋಡಿದರೆ ಅವು ಜೋತುಬಿದ್ದು ನಿಂತವು, ಪಟಪಟ ಎನ್ನುವ ಮಾತು ದೂರ. ನೇಕಾರ ಹೆಂಗಸಿನ ಕಣ್ಣಿಗೆ ಗಂಜಿಯಿಲ್ಲದ ಸೀರೆ ಸೀರೆಯೇ ಅಲ್ಲ. ಬಿಚ್ಚಿ ಮನೆಗೆ ಒಯ್ದಳು, ಜೋಳದ ಹಿಟ್ಟಿನ ಗಂಜಿ ದಪ್ಪಗೆ ಕಾಯಿಸಿ, ಪೇಟೆಗೆ ಕಳಿಸುವ ಸೀರೆಗೂ ಅಷ್ಟು ಹಚ್ಚುವುದಿಲ್ಲ, ಅಷ್ಟು ಹಚ್ಚಿ ಒಣಗಿಸಿದಳು. ಮತ್ತೆ ಕಟ್ಟಿದಾಗ ಸೀರೆಗಳು ಸೆಟೆದು ನಿಂತು ಹಪ್ಪಳ ಮುರಿದಂತೆ ಸಪ್ಪಳ ಮಾಡಿದವು.

"ಚಿಗರಿಗಳ ಮದಿವಿ ಹಂದರಾ ಹಾಕೀಯಲ್ಲ ಯಕ್ಕಾ!" ಎಂದು ಪರಶಪ್ಪ ಬಿದ್ದು ಬಿದ್ದು ನಕ್ಕ. ನಗಲಿ ಬಿಡಿ. ಸಸಿಗಳು ಮತ್ತೆ ಕುಡಿಯೊಡೆದವು. ಹನಮಂತಪ್ಪ ಕೂಡ, ಹೆಂಡತಿ ನೋಡುತ್ತಿಲ್ಲ ಅಂದುಕೊಂಡು, ಬಗ್ಗಿ ಬಗ್ಗಿ ಎಲೆ ಮುಟ್ಟಿ ನೋಡುತ್ತಿದ್ದ.

ಆಮೇಲೊಂದು ನಸುಕಿನಲ್ಲಿ, ರಾತ್ರಿ ಹನಿಮಳೆ ಬಿದ್ದು ನಿಂತಿತ್ತು, ಗಂಡ ಹೆಂಡತಿ ಹೊಲಕ್ಕೆ ಬಂದರು. ಮುಂದೆ ನಡೆಯುತ್ತಿದ್ದ ಶಂಕ್ರವ್ವ ಗಕ್ಕನೆ ನಿಂತಳು. ಬೇಲಿಗೆ ಹಿಂಡಿಗೆ ಹಿಂಡೇ ಮೂತಿ ಹಚ್ಚಿ ನಿಂತಿತ್ತು! ಸಸಿಯ ಕಡೆ ಒಂದೂ ನೋಡುತ್ತಿಲ್ಲ. ನೆನೆದ ಸೀರೆಗಳನ್ನು ನೆಕ್ಕುತ್ತಿವೆ, ಅಂಚನ್ನು ಬಾಯಲ್ಲಿ ಹಿಡಿದು ಚೀಪುತ್ತಿವೆ. ಗಂಜಿ! ಮನೆಯಲ್ಲಿ ಗಂಜಿಯ ಗಡಿಗೆಗೆ ಕರು ಬಾಯಿ ಹಾಕಿದಾಗಲೆಲ್ಲ ಹೊಡೆದು ಓಡಿಸುವ ಇವಳಿಗೆ ಇದು ಹೊಳೆಯಲೇ ಇಲ್ಲ.

"ಅಯ್ಯಯ್ಯ! ಎಲಿ ಹಾಕಿ ನಾನ ಕರದಂಗಾತಲ್ರಿ!" ಎಂದು ಚೀರಿದಳು.

ಆ ಚೀರಾಟಕ್ಕೆ ಹಿಂಡು ಚಂಗನೆ ಹಾರಿ ಓಡಿತು. ಒಂದು ಮಾತ್ರ ಓಡಲಿಲ್ಲ. ಕಪ್ಪು ಬೆನ್ನಿನ ದೊಡ್ಡ ಗಂಡು. ಅದರ ತಿರುವಿದ ಕೊಂಬಿಗೆ ಸೀರೆ ಸುತ್ತಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಗೂಟ ಕಿತ್ತು, ಕಾಲಿಗೂ ಸುತ್ತಿಕೊಂಡು, ಅದು ಧೊಪ್ಪನೆ ಬಿತ್ತು.

"ಕುಡಗೋಲ ತಗೋ! ಕೊಯ್ದ ಒಗಿ, ಲಗೂ!" ಎಂದು ಹನಮಂತಪ್ಪ ಕೂಗಿದ. ಕುಡಗೋಲು ಅವಳ ಸೊಂಟದಲ್ಲೇ ಇತ್ತು. ಆದರೆ ಸಿಕ್ಕು ಕಂಡರೆ ಆ ಕೈಗಳು ಮೊದಲು ಹುಡುಕುವುದು ತುದಿಯನ್ನು. ಸಿಕ್ಕಿಗೆ ಕತ್ತರಿ ಹಾಕಿದರೆ ನೇಕಾರರ ಮನೆಯಲ್ಲಿ ಉಗಿಸಿಕೊಳ್ಳಬೇಕು. ಹುಟ್ಟಿದಾಗಿನಿಂದ ಅದೇ ರೂಢಿ. ನೆಲಕ್ಕೆ ಕೂತು, ಆ ಒದ್ದಾಡುವ ಪ್ರಾಣಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಸುತ್ತು ಸುತ್ತಾಗಿ ಬಿಡಿಸತೊಡಗಿದಳು.

"ಅಂಜಬ್ಯಾಡೋ ನಮ್ಮಪ್ಪಾ. ಈಗ ಬಿಡಸತೀನಿ. ಏನೂ ಮಾಡೂದಿಲ್ಲ ನಾ," ಎಂದು ಕತ್ತು ಸವರಿದಳು. ಅದರ ಎದೆ ಅವಳ ಅಂಗೈ ಕೆಳಗೆ ದಬದಬ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒದೆಯುವುದು ನಿಂತಿತು.

"ನೋಡ್ರಿ, ಹ್ಯಾಂಗ ಸುಮ್ಮನಾತು. ತಿಳೀತೈತಿ ಅವಕ್ಕೂ."

ಕೊನೆಯ ಸುತ್ತು ಬಿಚ್ಚಿತು. ಸೀರೆ ಎಲ್ಲೂ ಹರಿದಿರಲಿಲ್ಲ. "ಏಳೋ, ಹೋಗು," ಎಂದು ಬೆನ್ನು ತಟ್ಟಿದಳು. ಅದು ಏಳಲಿಲ್ಲ. ಮತ್ತೆ ತಟ್ಟಿದಳು. ಕಣ್ಣು ತೆರೆದೇ ಇದ್ದವು. ಹನಮಂತಪ್ಪ ಬಗ್ಗಿ ಅದರ ಮೂಗಿನ ಮುಂದೆ ಬೆರಳು ಹಿಡಿದ, ಆಮೇಲೆ ಹೆಂಡತಿಯ ಮುಖ ನೋಡಲಾರದೆ ಆಚೆ ತಿರುಗಿದ.

ಪರಶಪ್ಪ ಫೋನು ಮಾಡಿದ್ದಕ್ಕೆ ಅರಣ್ಯ ಇಲಾಖೆಯ ಗಾರ್ಡು ವಸೀಮ ಜೀಪಿನಲ್ಲಿ ಬಂದ. ಪ್ರಾಣಿಯನ್ನು ಹೊರಳಿಸಿ ನೋಡಿದ.

"ಒಂದ ಹನಿ ರಕ್ತ ಇಲ್ಲಲ್ರಿ, ಹ್ಯಾಂಗ ಸತ್ತಿತಿದು?" ಎಂದು ಹನಮಂತಪ್ಪ ಕೇಳಿದ.

"ಅಂಜಿಕಿಗೆ ಸತ್ತೈತ್ರಿ. ಚಿಗರಿ ಭಾಳ ಪುಕ್ಕಲ. ಮನಷ್ಯಾರು ಹಿಡಕೊಂಡು ಕುಂತ್ರ ಎದಿ ಒಡದ ಸಾಯತಾವು. ಅರಿಬಿ ಕೊಯ್ದು ದೂರ ಸರದಿದ್ರ ಎದ್ದ ಓಡತಿತ್ತೇನೋ." ಶಂಕ್ರವ್ವನ ಮುಖ ಕಂಡದ್ದೇ ಅವನು ನಾಲಿಗೆ ಕಚ್ಚಿಕೊಂಡ. "ನಿಮಗ ಗೊತ್ತಿರಲಿಲ್ಲ, ಅವ್ವಾರ. ಬೇಕಂತ ಮಾಡೀರೇನು?"

ಶಂಕ್ರವ್ವ ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕೂತಿದ್ದಳು.

ಅಂದೇ ಸೀರೆಗಳನ್ನೆಲ್ಲ ಬಿಚ್ಚಿದರು. ಜಾಲಿಮುಳ್ಳು ಕಡಿದು ತಂದು ಬೇಲಿ ಹಾಕಿದವನು ಹನಮಂತಪ್ಪ, ಯಾರೂ ಹೇಳದೆಯೇ. ಹಿಂಡು ಮತ್ತೆ ಆ ಕಡೆ ಬರಲಿಲ್ಲ. ಕಡಲೆ ಬಿತ್ತುವ ಹೊತ್ತಿಗೆ ಲಿಂಬೆ, ಪೇರಲ ಅವಳ ಸೊಂಟದೆತ್ತರ ಬಂದಿದ್ದವು. ಸುಲಿದ ಮಾವು ಕೂಡ ಹೊಸ ಎಲೆ ಬಿಟ್ಟಿತ್ತು. ಹನಮಂತಪ್ಪ ಬೇಲಿಯ ಹತ್ತಿರ ಬಂದು ಕೂರಿಗೆ ಹೊರಳಿಸಿಕೊಂಡ, ಎತ್ತು ನಿಲ್ಲಿಸಿದ.

"ತಗೋ, ಗೆದ್ದಿ ನೀನ. ಒಂದೂ ಗಿಡಾ ಸತ್ತಿಲ್ಲ. ತುಕಡಿ ನಿಂದಾತು," ಎಂದು ನಕ್ಕ.

ಶಂಕ್ರವ್ವ ಬದುವಿನ ಮೇಲೆ ಕೂತಿದ್ದಳು, ಗಿಡಗಳಿಗೆ ಬೆನ್ನು ಹಾಕಿ.

"ಅಂಜಬ್ಯಾಡ, ಅಂಜಬ್ಯಾಡ ಅಂತ ಮೈ ಸವರಿದ್ನಿರಿ ಅದಕ್ಕ," ಎಂದಳು. "ಅದು ಅಂಜಿದ್ದ ನನಗ."