ಸುರೇಬಾನದಲ್ಲಿ ಮಾರಾಟಕ್ಕಿದ್ದ ದೊಡ್ಡ ಗಾಡಿ

ನನ್ನ ಅಪ್ಪ ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ. ರೈತರು ಹತ್ತಿ ತುಂಬಿ ತಂದ ಅಂಡಿಗೆ ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸಿ, ನಡುವಿನ ಹತ್ತಿ ಹಿರಿದು, ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದ. ತೂಕ ಬರಲೆಂದು ನೀರು ಚಿಮುಕಿಸಿದ್ದರೆ ಕೆನ್ನೆಗೆ ತಣ್ಣಗೆ ಹತ್ತುತ್ತಿತ್ತು. ಆ ಚಾಳಿ ಹತ್ತಿಗಷ್ಟೇ ನಿಲ್ಲಲಿಲ್ಲ. ಮದುವೆಗೆ ಕರೆಯಲು ಬಂದವರು ತುಸು ಹೆಚ್ಚು ನಕ್ಕರೂ ಅವರು ಹೋದ ಮೇಲೆ ಅವ್ವನನ್ನು ಕೇಳುತ್ತಿದ್ದ, "ಯಾಕ ನಕ್ರು ಅವರು ಅಷ್ಟು?"

ಅಂಥವನಿಗೆ ದೊಡ್ಡ ಗಾಡಿಯ ಹುಚ್ಚು ಹಿಡಿಸಿದವರು ಕಿತ್ತೂರಿನ ನಮ್ಮ ಬೀಗರು. ಎರಡು ಸಾವಿರನೇ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅವರು ಏಳು ಜನ ಕೂರುವ ಹೊಸ ಗಾಡಿಯಲ್ಲಿ ಬಂದು ನಮ್ಮ ಅಂಗಳದಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋದರು. ಅಪ್ಪನಿಗೆ ಆ ವಾರ ಊಟ ಸೇರಲಿಲ್ಲ. ಅಷ್ಟರಲ್ಲಿ ಪರಿಚಯದ ದಲಾಲನೊಬ್ಬ ಸುದ್ದಿ ತಂದ. ಸುರೇಬಾನದ ಹತ್ತಿರ ಕಲ್ಲಿನ ಖಣಿ ನಡೆಸುವ ಗುತ್ತಿಗೆದಾರರೊಬ್ಬರು ತಮ್ಮ ಪರದೇಶದ ಗಾಡಿ ಕೊಡುತ್ತಾರಂತೆ. ಬೀಗರದ್ದಕ್ಕಿಂತ ದೊಡ್ಡದು, ಹೆಚ್ಚು ಓಡಿಲ್ಲ, ಬೆಲೆಯೂ ಅಗ್ಗ.

"ಅಗ್ಗ ಯಾಕ?" ಎಂದ ಅಪ್ಪ. ಆದರೂ ಹೊರಟ. ನಾನಾಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಗಾಡಿ ಹೊಡೆಯಲು ಬರುತ್ತಿದ್ದುದು, ಗಾಡಿಯ ಜೊತೆ ಬರುವ ಇಂಗ್ಲಿಷಿನ ಪುಸ್ತಕ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಹೀಗಾಗಿ ನನ್ನನ್ನೂ ಎಬ್ಬಿಸಿಕೊಂಡು ಹೋದ.

ಸವದತ್ತಿಗೆ ಹೋಗಿ, ರಾಮದುರ್ಗದಲ್ಲಿ ಮತ್ತೆ ಬಸ್ಸು ಬದಲಿಸಿ ಸುರೇಬಾನ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ದಾರಿಯುದ್ದಕ್ಕೂ ಅಪ್ಪನದು ಒಂದೇ ಪ್ರಶ್ನೆ: "ಮಾರಾಂವ ಗಾಡಿ ತುಗೊಂಡ ನಮ್ಮ ಮನಿಗೇ ಬರಬೇಕಿತ್ತಲ್ಲ. ನಮ್ಮನ್ನ್ಯಾಕ ಕರಸ್ತಾನ?"

ಗುತ್ತಿಗೆದಾರರು ಐವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಗಾಡಿ ಅವರ ಮನೆಯ ಹಿತ್ತಿಲಲ್ಲಿ ನಿಂತಿತ್ತು. ಕಪ್ಪು ಬಣ್ಣ, ಹತ್ತಲು ಮೆಟ್ಟಿಲು, ನನ್ನ ಸೊಂಟಕ್ಕೆ ಬರುವ ಗಾಲಿಗಳು. ಅವರು ಒಂದೊಂದಾಗಿ ತೋರಿಸಿದರು. ಗೇರು ತಾನೇ ಬೀಳುತ್ತದೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಗುಂಡಿ ಒತ್ತಿದರೆ ಇಡೀ ಗಾಡಿ ಗೇಣುದ್ದ ಮೇಲೇಳುತ್ತದೆ. ಮಾಡು ಸರಿದು ಆಕಾಶ ಕಾಣುತ್ತದೆ. ಚರ್ಮದ ಸೀಟು, ನೀರು ತಣ್ಣಗಿಡುವ ಪೆಟ್ಟಿಗೆ. ಚಳಿಗಾಲದಲ್ಲಿ ಮುಂದಿನ ಸೀಟು ಬೆಚ್ಚಗಾಗುತ್ತದೆ.

"ಕುಂಡಿ ಬೆಚ್ಚಗ ಮಾಡೂ ಸೀಟ ಈ ಬಿಸಿಲಾಗ ಯಾಕ ಬೇಕ್ರಿ?" ಎಂದ ಅಪ್ಪ.

ಅವರು ನಕ್ಕರು. "ಕಂಪನಿಯವ್ರು ಕೊಟ್ಟಾರ್ರಿ. ನಾ ಕೇಳಿಲ್ಲ."

ಅಪ್ಪ ಅಂಡಿಗೆಯೊಳಗೆ ತೂರಿಸುವಂತೆಯೇ ಸೀಟುಗಳ ಸಂದಿಗೆ ಕೈ ತೂರಿಸಿದ. ಕೆಳಗಿನ ಚಾಪೆ ಎತ್ತಿ ಮೂಸಿದ. ಹೊರಗೆ ಬಂದವನೇ ನನ್ನ ಕಿವಿಯಲ್ಲಿ ಹೇಳಿದ, "ನೋಡಿದಿ? ಮೂಲಿ ಮೂಲಿಗೆ ಅತ್ತರಿನ ಬಾಟ್ಲಿ ಇಟ್ಟಾನ. ಮುಂದಿನ ಸೀಟಿನ ತೊಗಲು ಸವದೈತಿ, ಹಿಂದಿಂದು ಹೊಸಾದು. ಯಾರೂ ಕೂಡದ ಸೀಟಿಗೆ ಯಾರರ ಹೊಸಾ ತೊಗಲು ಹಾಕಸ್ತಾರೇನ?"

ಅಪ್ಪನ ಮಾತನ್ನು ನಾನು ಸಾಮಾನ್ಯವಾಗಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಅವತ್ತು ಬಿಡಲಾಗಲಿಲ್ಲ. ಕಳವಿನ ಗಾಡಿಯೇ? ಹೊಳೆಯಲ್ಲಿ ಮುಳುಗಿ ಎದ್ದದ್ದೇ? ಅಥವಾ ಇನ್ನೇನಾದರೂ ಆಗಿದೆಯೇ?

ಓಡಿಸಿ ನೋಡಲು ನಾನು ಕೂತೆ. ಅವರು ನನ್ನ ಪಕ್ಕ, ಅಪ್ಪ ಹಿಂದೆ. ಅಷ್ಟು ದೊಡ್ಡ ಗಾಡಿ ಕಾಲಿನ ತುದಿ ತಾಗಿದರೆ ಸಾಕು, ಸದ್ದಿಲ್ಲದೆ ಜಿಗಿಯುತ್ತಿತ್ತು. ಹೊಲದ ನಡುವಿನ ದಾರಿಯಲ್ಲಿ ಕೆಸರಿನಲ್ಲಿ ಮೂಡಿ ಒಣಗಿ ಗಟ್ಟಿಯಾದ ಚಕ್ಕಡಿ ಜಾಡುಗಳ ಮೇಲೆ ಹೋದರೂ ಒಳಗೆ ನೀರಿನ ಬಾಟಲಿ ಅಲುಗಲಿಲ್ಲ. ನನಗೆ ಇಳಿಯಲು ಮನಸ್ಸೇ ಇರಲಿಲ್ಲ. ಆದರೆ ಒಂದು ವಿಚಿತ್ರ ಗಮನಕ್ಕೆ ಬಂತು. ಮುಂದೆ ಊರಿನ ಮನೆಗಳು ಕಂಡ ಕೂಡಲೇ ಅವರು ಹೇಳುತ್ತಿದ್ದರು, "ಅಕ್ಕಾರ, ಎಡಕ್ಕ ಹೊಳ್ಳಸ್ರಿ." ಮತ್ತೊಂದು ಊರು ಬಂದರೆ, "ಬಲಕ್ಕ ಹೊಳ್ಳಸ್ರಿ." ಕನ್ನಡಿಯಲ್ಲಿ ನೋಡಿದರೆ ಅಪ್ಪನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಹಾಗೆ ತಿರುಗಿಸಿದ ಒಂದು ದಾರಿಯಲ್ಲಿ ಹೆಂಗಸೊಬ್ಬಳು ಓಡಿ ಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು. ನಾನು ಬ್ರೇಕು ತುಳಿದೆ.

"ಗಾಡಿ ಬಂತ ನೋಡ್ರೆಪಾ! ಸಾವಕಾರ್ರ ಗಾಡಿ ಬಂತ!" ಎಂದು ಅವಳು ಹೊಲದ ಕಡೆ ಕೂಗಿದಳು. ಅವಳ ಮಾವ ಮೇವಿನ ಬಣವಿಯ ಮೇಲಿಂದ ಜಾರಿ ಬಿದ್ದು ತೊಡೆ ಮುರಿದುಕೊಂಡಿದ್ದ. ನಾಲ್ವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಯಾರೂ ಗುತ್ತಿಗೆದಾರರನ್ನು ಒಂದು ಮಾತೂ ಕೇಳಲಿಲ್ಲ. ಆ ಹೆಂಗಸು ತಾನೇ ಹಿಂಬಾಗಿಲು ತೆರೆದು, ನನಗೆ ಆಗಿನ್ನೂ ತಿಳಿಯದಿದ್ದ ಒಂದು ಗುಂಡಿ ಒತ್ತಿದಳು. ಸೀಟುಗಳು ಮಡಚಿ ಮಂಚದಷ್ಟು ಸಪಾಟಾದವು.

"ನೀವ ಹೊಡೀರಿ ಅಕ್ಕಾರ. ನಾ ಹಿಂದ ಕುಂತು ಅವನ ಕಾಲು ಹಿಡೀತೇನಿ," ಎಂದು ಗುತ್ತಿಗೆದಾರರು ಹಿಂದೆ ಹೋದರು. ಅಪ್ಪ ಮುಂದಿನ ಸೀಟಿಗೆ ಬಂದ.

ರಾಮದುರ್ಗದ ದವಾಖಾನೆಯವರೆಗೆ ರಸ್ತೆ ಎಂಬುದು ಹೆಸರಿಗಷ್ಟೇ ಇತ್ತು. ತಗ್ಗು ಬಂದಲ್ಲೆಲ್ಲ ನಾನು ಗಾಡಿಯನ್ನು ತೆವಳಿಸುತ್ತಿದ್ದೆ. ಮುದುಕ ಒಮ್ಮೆಯೂ ಚೀರಲಿಲ್ಲ. ಅರ್ಧ ದಾರಿಯಲ್ಲಿ ಅವನೇ ಮಾತಾಡಿದ.

"ಸಾವಕಾರ್ರ, ನನ್ನ ಮುದುಕೀನ ಇದರಾಗ ಒಯ್ದಿದ್ರಿ. ಮಾರಿ ಮ್ಯಾಲ ಅರಿವಿ ಹೊಚ್ಚಿ ತಂದ್ರಿ. ನನ್ನೂ ಹಂಗ ತರ್ತೀರೇನ?"

"ಸುಮ್ನಿರೋ ಮಾರಾಯಾ. ತೊಡಿ ಮುರದ್ರ ಯಾರ್ ಸಾಯ್ತಾರ?" ಎಂದರು ಗುತ್ತಿಗೆದಾರರು.

ಅಪ್ಪ ತನ್ನ ಬೆನ್ನನ್ನು ಸೀಟಿನಿಂದ ಮುಂದಕ್ಕೆ ಎಳೆದುಕೊಂಡ.

ಮುದುಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಅಪ್ಪ ನೇರವಾಗಿ ಕೇಳಿದ, "ಹೆಣಾ ಹೊತ್ತೈತೇನ್ರಿ ಈ ಗಾಡಿ?"

"ಹೊತ್ತೈತ್ರಿ," ಎಂದರು ಅವರು. "ಭಾಳ ಮಂದೀನ ಉಳಿಸಿನೂ ತಂದೈತಿ. ಮೊದಲ ಒಬ್ಬರನ್ನ ಒಯ್ದೆ. ಮಲಗಸಾಕ ಬರತೈತಿ, ಕುಲುಕೂದಿಲ್ಲ ಅಂತ ಸುದ್ದಿ ಆತು. ಈಗ ಸುತ್ತ ಹಳ್ಳಿಯವ್ರು ಹಗಲೂ ಇಲ್ಲ ರಾತ್ರೀನೂ ಇಲ್ಲ, ಬಂದು ಬಾಗಲಾ ಬಡೀತಾರ. ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಅದಕ್ಕ ಊರು ಕಂಡ ಕೂಡ್ಲೆ ಹೊಳ್ಳಸ್ರಿ ಅಂದೆ. ನಮ್ಮ ಮನಿಯಾಕಿ ಇದರಾಗ ಕುಂತು ಒಂದು ಮದುವಿಗೆ ಬರಾಕ ಒಲ್ಲೆ ಅಂತಾಳ. ಗಾಡಿ ಹೋದ್ರ ಕೇಳೂದೂ ತಪ್ಪತೈತಿ ಅಂತ ಮಾರಾಕತ್ತೇನಿ."

"ನಮಗ ಬ್ಯಾಡ್ರಿ," ಎಂದು ಅಪ್ಪ ಕೈ ಮುಗಿದ. ನಾವು ಅಲ್ಲಿಂದಲೇ ಬಸ್ ನಿಲ್ದಾಣಕ್ಕೆ ನಡೆದೆವು.

ಬಸ್ಸು ಸವದತ್ತಿ ದಾಟಿತು. ಅಪ್ಪ ಮೆಲ್ಲಗೆ ಅಂದ, "ಆ ಮುದಕನೂ ಅವರ ಪೈಕೀನ ಇದ್ದಾನು. ಗಾಡಿ ಎಷ್ಟು ಚಲೋ ಐತಿ ಅಂತ ತೋರಸಾಕ ನಾಟಕಾ ಮಾಡಿದ್ರೇನ?"

ನನಗೆ ಸಿಟ್ಟು ಬಂತು. "ತೊಡಿ ಹೊಳ್ಳಿ ನಿಂತಿದ್ದು ನಾ ಕಣ್ಣಾರೆ ನೋಡೇನಿ. ಮತ್ತ, ನಾಟಕಾ ಮಾಡಾಂವ ಹೆಣದ ಮಾತ ಯಾಕ ಆಡಸ್ತಾನ?" ಎಂದೆ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಆದರೆ ಅವನಿಗೆ ಅದು ಕೊರೆಯುತ್ತಲೇ ಇತ್ತು. ಕೆಲವು ದಿನಗಳ ಮೇಲೆ ಹತ್ತಿ ನೋಡುವ ನೆಪ ಮಾಡಿ ಒಬ್ಬನೇ ರಾಮದುರ್ಗಕ್ಕೆ ಹೋಗಿ ಬಂದ. ಅವ್ವ ನೀರು ಕೊಟ್ಟಳು. ಕುಡಿದು ತಂಬಿಗೆ ಕೆಳಗಿಟ್ಟು ನನ್ನನ್ನು ಕರೆದ.

"ಆ ಮುದಕನ ತೊಡಿ ಖರೇನ ಮುರದೈತಿ. ಎಲುಬು ನೆಟ್ಟಗಾಗಲಿ ಅಂತ ಕಾಲಿಗೆ ಕಲ್ಲು ಕಟ್ಟಿ ಮಲಗಿಸ್ಯಾರ. ಬಾಳಿಹಣ್ಣು ಕೊಟ್ಟ ಬಂದೆ."

ಅವ್ವನಿಗೆ ಆಗಲೇ ಪೂರ್ತಿ ಕತೆ ತಿಳಿದದ್ದು. "ಹೆಣಾ ಹೊರದ ಗಾಡಿ ಯಾವುದೈತಿ? ನಾವು ಹತ್ತೂ ಬಸ್ಸಿನಾಗ ಯಾರೂ ಸತ್ತಿಲ್ಲೇನ? ಅಂಥಾ ಮನಶ್ಯಾ ಓಡಿಸಿದ ಗಾಡಿ ಮನಿಗೆ ಬಂದ್ರ ಚಲೋನ ಆಗತೈತಿ," ಎಂದಳು. ಅಪ್ಪ ಎರಡು ದಿನ ಅಂಗಡಿಯಲ್ಲಿ ಅದನ್ನೇ ಮೆಲುಕು ಹಾಕಿರಬೇಕು. ಮೂರನೆಯ ದಿನ, ಗಾಡಿ ಇನ್ನೂ ಇದೆಯೇ ಕೇಳೋಣವೆಂದು ಗುತ್ತಿಗೆದಾರರಿಗೆ ಫೋನು ಹಚ್ಚಲು ಹೇಳಿದ. ನಾನು ಹಚ್ಚಿ ಅವನ ಕೈಗೆ ಕೊಟ್ಟೆ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

"ಗಾಡಿ ಹೋತ್ರಿ. ಹುಬ್ಬಳ್ಳಿ ಕಡಿಯವರು ಒಯ್ದ್ರು."

"ಅವರಿಗೆ ಹೇಳಿದ್ರೇನ್ರಿ, ಹೆಣದ್ದು?"

"ನೀವು ಕೇಳಿದ್ರಿ, ಹೇಳಿದೆ. ಅವರು ಕೇಳಲಿಲ್ಲ."

"ಮತ್ತ ಹಳ್ಳಿಯವ್ರು?"

"ನಿನ್ನೆನೂ ಬಂದಿದ್ರು," ಎಂದರು ಅವರು. "ಖಣಿಯ ಲಾರಿ ಕೊಟ್ಟ ಕಳಿಸಿದೆ."

ಅಪ್ಪ ಫೋನು ಇಟ್ಟ. ಅವರು ಹೇಳಿದ್ದು ಖರೆಯೋ ಸುಳ್ಳೋ ಎಂದು ಅವನು ಕೇಳುತ್ತಾನೆಂದು ನಾನು ಕಾದೆ. ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಹೊರಗೆ ಬಂದು ನಿಂತಿದ್ದ ಹತ್ತಿಯ ಚಕ್ಕಡಿಯ ಕಡೆ ಹೋದ.