ನಾಲ್ಕು ಡಿಸ್ಕುಗಳ ಪೂಜೆ ಫೋಟೋ

ಗಂಗಾವತಿಯಿಂದ ಅವನನ್ನೇ ಕರೆಸುತ್ತೇನೆ ಎಂದು ಸ್ಟುಡಿಯೋ ಮಾಲಕರು ಹೇಳಿದಾಗ ನನ್ನ ಹೊಟ್ಟೆಗೆ ಕೆಂಡ ಬಿದ್ದಂತಾಯಿತು. ಕೊಪ್ಪಳದ ಕಂಪ್ಯೂಟರ್ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ನಾನು ಫೋಟೋ ಹೊಡೆಯುವವನಾದೆ. ಅವನು ಕೆಟ್ಟ ಡಿಸ್ಕುಗಳಿಂದ ಕಳೆದುಹೋದದ್ದನ್ನು ಹೊರತೆಗೆಯಲು ಕಲಿತು, ಪೊಲೀಸರೂ ಕರೆಸಿಕೊಳ್ಳುವಷ್ಟು ದೊಡ್ಡವನಾದ. ಕ್ಲಾಸಿನ ಪರೀಕ್ಷೆಯಲ್ಲಿ ಅವನಿಗಿಂತ ಹೆಚ್ಚು ಅಂಕ ನನಗೇ ಬಂದಿದ್ದವು ಎಂದು ಈಗಲೂ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ.

ತಪ್ಪು ನನ್ನದೇ. ಕುಷ್ಟಗಿ, ಯಲಬುರ್ಗಾ ಕಡೆ ನಾವು ತೆಗೆದ ಮದುವೆಗಳೆಲ್ಲ ಕಂಪ್ಯೂಟರಿಗೆ ಜೋಡಿಸಿದ, ನಾಲ್ಕು ಡಿಸ್ಕುಗಳ ಒಂದು ಪೆಟ್ಟಿಗೆಯಲ್ಲಿದ್ದವು. ಅದು ಪ್ರತಿ ಫೋಟೋವನ್ನೂ ತುಂಡು ಮಾಡಿ ನಾಲ್ಕಕ್ಕೂ ಹಂಚಿಡುತ್ತದೆ. ಡಿಸ್ಕುಗಳ ಕ್ರಮ ತಪ್ಪಿದರೆ ಎಲ್ಲ ಕಲಸುಮೇಲೋಗರ. ಆಯುಧ ಪೂಜೆಯ ದಿನ ನಾನು ಅವನ್ನು ಹೊರತೆಗೆದು, ಧೂಳು ಒರೆಸಿ, ಕುಂಕುಮ ಹಚ್ಚಿ, ಇದ್ದ ಕ್ರಮದಲ್ಲೇ ಸಾಲಾಗಿಟ್ಟು ಫೋಟೋ ಹೊಡೆದು ಸ್ಟೇಟಸ್‌ಗೆ ಹಾಕಿದೆ. ಮರಳಿ ಹಾಕುವಾಗ ಅದಲುಬದಲಾದವು. ಹೊಸದಾಗಿ ಹೊಂದಿಸಲೇ ಎಂದು ಪೆಟ್ಟಿಗೆ ಪರದೆಯ ಮೇಲೆ ಕೇಳಿತು. ಓದದೆ ಹೂಂ ಒತ್ತಿದೆ. ಆಮೇಲೆ ಒಂದು ಮದುವೆಯೂ ತೆರೆಯಲಿಲ್ಲ. ಗಾಬರಿಯಲ್ಲಿ ಕುಂಕುಮ ಒರೆಸಿದೆ, ಸ್ಟೇಟಸ್ ಅಳಿಸಿದೆ, ಮತ್ತೆ ಕೈ ಹಚ್ಚುವ ಧೈರ್ಯ ಬರಲಿಲ್ಲ.

ಮಾಲಕರು ಫೋನ್ ಮಾಡಿದ ಮರುದಿನ ಅವನು ಬಂದ. ಮೂಲ ಡಿಸ್ಕುಗಳ ಮೇಲೆ ಏನೂ ಮಾಡದೆ ನಾಲ್ಕರದ್ದೂ ನಕಲು ತೆಗೆಯಲು ಇಟ್ಟ. ಅದಕ್ಕೇ ಎರಡು ದಿನ.

“ಡಿಸ್ಕ್ ಯಾರರೆ ಹೊರಗ ತಗದಿದ್ರೇನಪಾ?” ಎಂದು ನನ್ನನ್ನು ಕೇಳಿದ.

“ಇಲ್ಲಪಾ.”

ಎರಡನೇ ದಿನ ಮತ್ತೆ ಕೇಳಿದ: “ಸ್ಕ್ರೂ ಸಂದ್ಯಾಗ ಕುಂಕುಮ ಐತಲ್ಲೋ?”

“ಪೆಟ್ಟಿಗಿಗೆ ಹಚ್ಚಿದ್ದೆ. ಒಳಗ ಉದುರಿರಬೇಕು.”

ಕ್ರಮ ತೋರಿಸುವ ಫೋಟೋ ನನ್ನ ಜೇಬಿನ ಮೊಬೈಲಿನಲ್ಲೇ ಇತ್ತು. ಮಾಲಕರ ಭಯ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ನಿಜವೆಂದರೆ ಅವನು ಸೋಲಬೇಕಿತ್ತು. ನನ್ನ ಕೆಲಸ ಹೋದರೂ ಸರಿ, ಅವನು ಸಪ್ಪೆ ಮುಖ ಮಾಡಿಕೊಂಡು ಗಂಗಾವತಿ ಬಸ್ಸು ಹತ್ತಬೇಕು. ಮಾಲಕರು ಅವನಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿದರು. ಹದಿನಾಲ್ಕು ವರ್ಷದಲ್ಲಿ ನನಗೆ ಒಂದು ಮಿರ್ಚಿ ತರಿಸಿದ ಪುಣ್ಯಾತ್ಮರಲ್ಲ.

ಮೂರನೇ ದಿನ ನಕಲು ಮುಗಿದದ್ದೇ ತಡ, ಅವನು ಒಂದೇ ಏಟಿಗೆ ಜೋಡಿಸಿದ. ಯಲಬುರ್ಗಾದ ಮದುಮಗಳೊಬ್ಬಳು ಪರದೆಯ ಮೇಲೆ ಇಡಿಯಾಗಿ ಬಂದು ನಿಂತಳು.

“ಏನಾಗಿತ್ರಿ ಇದಕ್ಕ?” ಎಂದು ಮಾಲಕರು ಕೇಳಿದರು.

“ಪೆಟ್ಟಿಗಿ ಭಾಳ ಹಳೇದಾಗೇತ್ರಿ,” ಎಂದುಬಿಟ್ಟ.

ಬಸ್ ನಿಲ್ದಾಣದವರೆಗೆ ಬಿಡಲು ಹೋದೆ. ಕ್ರಮ ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ ಮೊಬೈಲ್ ತೆಗೆದು ತೋರಿಸಿದ. ನನ್ನ ಪೂಜೆ ಫೋಟೋ. ಡಿಸ್ಕುಗಳ ಕಂಪನಿ ಚೀಟಿಯ ಮೇಲಿನ ಉದ್ದನೆಯ ನಂಬರುಗಳೂ ಕಾಣುತ್ತಿದ್ದವು.

“ಮೊದಲನೇ ದಿನದಿಂದ ನನ್ನ ಕಡೆ ಐತಿ. ನೀನ ಹೇಳ್ತಿ ಅಂತ ಕಾದೆ.”

“ಅಳಿಸಿದ್ನಲ್ಲೋ ಅದನ್ನ?”

“ನೀ ಅಳಸೂದಕ್ಕ ಮೊದ್ಲ ಇಟ್ಕೊಂಡಿದ್ದೆ. ನಿನ್ನ ಛಲೋ ಫೋಟೋ ಎಲ್ಲಾ ಇಟ್ಕೊಂತೀನಿ. ನನಗ ಹಿಂಗ ಹೊಡಿಯಾಕ ಬರಂಗಿಲ್ಲ ನೋಡು, ಹೊಟ್ಟಿ ಉರಿತೈತಿ.”

ನಗುತ್ತಲೇ ಹೇಳಿ ಬಸ್ಸು ಹತ್ತಿದ. ಹೊಟ್ಟೆಕಿಚ್ಚನ್ನೂ ನಕ್ಕು ಹೇಳಿಬಿಡಬಹುದೆಂದು ನನಗೆ ಗೊತ್ತಿರಲಿಲ್ಲ. ಆ ವಿಷಯದಲ್ಲೂ ಅವನೇ ನನಗಿಂತ ಮುಂದೆ.