ಮೆಕ್ಯಾನಿಕ್ ಕೇಳಿದ ಕ್ಷಮೆ

ಜಪಾನಿನ ಕಾವಾಸಾಕಿ ಊರಲ್ಲಿ ಕೆಲಸ ಮಾಡುವ ಗೆಳೆಯ ಶ್ರೀನಿಧಿ ನನ್ನನ್ನು ಕಾರ್ ರೇಸಿಗೆ ಕರೆತಂದಿದ್ದಾನೆ. ನಮ್ಮ ಸೀಟು ತಂತಿಬೇಲಿಯ ಪಕ್ಕದಲ್ಲೇ.

ಕೊನೆಯ ತಿರುವಿನಲ್ಲಿ ಕೆಂಪು ಕಾರು ನೀಲಿ ಕಾರನ್ನು ಹಿಂದಿನಿಂದ ಗುದ್ದಿ, ಗೋಡೆಗೆ ತಳ್ಳಿ ಗೆದ್ದಿತು. ರೇಸ್ ಮುಗಿದ ಮೇಲೆ ನೀಲಿಯವನು ಕಾರು ಓಡಿಸಿಕೊಂಡೇ ಬಂದು, ನಿಂತಿದ್ದ ಕೆಂಪು ಕಾರಿಗೆ ಬೇಕೆಂದೇ ಗುದ್ದಿದ. ಅದರ ಚಕ್ರ ಬಿಚ್ಚುತ್ತಿದ್ದ ವಯಸ್ಸಾದ ಮೆಕ್ಯಾನಿಕ್ ಪಕ್ಕಕ್ಕೆ ಹಾರಿ ಬಿದ್ದು ಮೊಣಕೈ ತರಚಿಕೊಂಡ.

ಚಾಲಕರಿಬ್ಬರೂ ಇಳಿದು, ಒಬ್ಬರಿಗೊಬ್ಬರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಜನ ಚಪ್ಪಾಳೆ ತಟ್ಟಿದರು.

"ನೋಡಿದ್ಯಾ, ಇದು ಸ್ಪೋರ್ಟ್ಸ್‌ಮನ್‌ಶಿಪ್," ಎಂದ ಶ್ರೀನಿಧಿ.

ನನಗೆ ಮೈ ಉರಿಯಿತು. "ಬಿದ್ದವನ ಕಡೆ ಒಬ್ರಾದ್ರೂ ತಿರುಗಿ ನೋಡಿದ್ರೇನೋ?"

ಅಷ್ಟರಲ್ಲಿ ಮೆಕ್ಯಾನಿಕ್ ತಾನೇ ಎದ್ದ. ಟೋಪಿ ತೆಗೆದು ಚಾಲಕರಿಬ್ಬರಿಗೂ ಬಗ್ಗಿ, "ಸುಮಿಮಾಸೆನ್" ಎಂದ. ಅಡ್ಡ ಇದ್ದದ್ದಕ್ಕೆ ಕ್ಷಮೆ.

ಅವರು ತಲೆಯಾಡಿಸಿ ಕ್ಷಮಿಸಿಯೂ ಬಿಟ್ಟರು.